ಜ್ಞಾನತಂದೆಯ ಅರ್ಹತೆ: ಒಂದು ಹೊಣೆಯ ಇತಿಹಾಸ

ಉಕ್ಕಡಗಾತ್ರಿಯ ಅಜ್ಜಯ್ಯನ ಹೆಸರನ್ನು ಕೇಳದವರು ನಮ್ಮ ದಾವಣಗೆರೆ-ಹರಿಹರ ಸೀಮೆಯಲ್ಲಿ ಇರಲಾರರು. ತುಂಗಭದ್ರೆಯ ದಡದ ಈ ಊರಿನ ಕರಿಬಸವೇಶ್ವರ ಗದ್ದುಗೆಗೆ ಅಮಾವಾಸ್ಯೆಯ ದಿನ ಹರಿದು ಬರುವ ಜನರಲ್ಲಿ ಯಾರು ಯಾವ ಜಾತಿ, ಯಾವ ಮತ ಎಂದು ಕೇಳುವವರಿಲ್ಲ. ಹರಕೆ ಹೊತ್ತು ಪಡೆದ ಮಕ್ಕಳಿಗೆ ಕರಿಬಸಪ್ಪ, ಕರಿಬಸಮ್ಮ ಎಂದು ಹೆಸರಿಡುವುದು ನಮ್ಮಲ್ಲಿ ರೂಢಿ. ನಾನು ಆ ಭಾಗದ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಾಗ ಹಾಜರಿ ಪುಸ್ತಕ ತೆರೆದು ‘ಕರಿಬಸಪ್ಪ’ ಎಂದು ಕೂಗಿದರೆ ಒಂದೇ ತರಗತಿಯಲ್ಲಿ ಮೂವರು ಹುಡುಗರು ಎದ್ದು ನಿಲ್ಲುತ್ತಿದ್ದರು. ಹೀಗಾಗಿ ದೇವರಿಗೂ ಮಗುವಿಗೂ ನಡುವೆ ಸಂಬಂಧ ಬೆಳೆಸುವ ಆಚರಣೆಗಳ ವಿಷಯದಲ್ಲಿ ನನಗೆ ಸಾಕಷ್ಟು ತಿಳಿದಿದೆ ಎಂಬ ಸಣ್ಣದೊಂದು ಅಹಂಕಾರ ನನ್ನಲ್ಲಿತ್ತು. ಅದು ಮುರಿದ ಪ್ರಸಂಗದಿಂದಲೇ ಈ ಲೇಖನವನ್ನು ಆರಂಭಿಸುತ್ತೇನೆ.

ನಮ್ಮ ಶಾಲೆಯಲ್ಲಿ ಹರಿಹರದ ಕಡೆಯ ಕ್ರೈಸ್ತ ಮೇಷ್ಟ್ರೊಬ್ಬರು ಗಣಿತ ಕಲಿಸುತ್ತಿದ್ದರು. ಒಂದು ಮಳೆಗಾಲದಲ್ಲಿ ಅವರು ವಿಷಮಶೀತ ಜ್ವರದಿಂದ ಹಾಸಿಗೆ ಹಿಡಿದಾಗ ಅವರ ತರಗತಿಗಳನ್ನೂ ಅವರ ಮನೆಯ ಓಡಾಟವನ್ನೂ ನಾನು ನೋಡಿಕೊಂಡಿದ್ದೆ. 1986ರಲ್ಲಿ ಅವರಿಗೆ ಗಂಡುಮಗು ಹುಟ್ಟಿತು. ಅವರು ನಮ್ಮ ಮನೆಗೆ ಬಂದು, “ಮೇಷ್ಟ್ರೇ, ಮಗೀಗೆ ಜ್ಞಾನತಂದೆಯಾಗಿ ನೀವೇ ನಿಂತ್ಕೋಬೇಕ್ರಿ, ನಮ್ಮನೆಯಾಕಿಗೂ ಅದೇ ಆಸೆ ಐತಿ” ಎಂದಾಗ ನನಗಾದ ಸಂತೋಷ ಹೇಳತೀರದು. ಮಗುವಿಗೆ ಬೆಳ್ಳಿಯ ಉಡಿದಾರವನ್ನೂ ಕೊಂಡೆವು. ಬಾಣಂತಿಯ ತವರೂರು ಮಲೆನಾಡಿನಲ್ಲಿತ್ತು. ಅಲ್ಲಿನ ಚರ್ಚಿನ ಗುರುಗಳು ನಮ್ಮನ್ನು ಬಹಳ ಆದರದಿಂದ ಕೂರಿಸಿ, ಕಾಫಿ ಕೊಟ್ಟು, ನಾನು ಜ್ಞಾನತಂದೆಯಾಗಿ ನಿಲ್ಲಲು ಸಾಧ್ಯವಿಲ್ಲವೆಂದು ಮೆಲ್ಲಗೆ ತಿಳಿಸಿದರು. ನನ್ನ ಮುಖ ಸಪ್ಪಗಾದುದನ್ನು ಕಂಡು ಅವರು ಇನ್ನೊಂದು ಮಾತು ಹೇಳಿದರು: “ಈ ಮಗು ಸಾವಿನ ಅಂಚಿನಲ್ಲಿದ್ದು, ನಾನಾಗಲಿ ಬೇರೆ ಕ್ರೈಸ್ತರಾಗಲಿ ಹತ್ತಿರದಲ್ಲಿ ಇಲ್ಲದಿದ್ದರೆ, ನೀವೇ ಅದಕ್ಕೆ ಜ್ಞಾನಸ್ನಾನ ಕೊಡಬಹುದಿತ್ತು. ಅದು ಸಿಂಧುವೇ ಆಗುತ್ತಿತ್ತು. ಆದರೆ ಜ್ಞಾನತಂದೆಯಾಗಲು ಆಗುವುದಿಲ್ಲ.”

ಇದೆಂತಹ ನ್ಯಾಯ? ಮುಖ್ಯವಾದ ಸಂಸ್ಕಾರವನ್ನೇ ಕೊಡಬಲ್ಲವನಿಗೆ ಪಕ್ಕದಲ್ಲಿ ನಿಲ್ಲುವ ಅರ್ಹತೆ ಇಲ್ಲವೇ? ಅಂದು ಮನಸ್ಸಿಗೆ ನೋವಾಯಿತು ಎಂದು ಒಪ್ಪಿಕೊಳ್ಳಲು ಈಗ ಸಂಕೋಚವಿಲ್ಲ. ಸಮಾರಂಭದಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಮಗುವಿನ ಸೋದರಮಾವ, ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ ಮಾಡುತ್ತಿದ್ದ ಯುವಕ, ಜ್ಞಾನತಂದೆಯಾಗಿ ನಿಂತ. ಗುರುಗಳ ಆ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಅದರ ಜಾಡು ಹಿಡಿದು ಹಲವು ವರ್ಷ ಓದಿದಾಗ ನನಗೆ ಕಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಇಂದಿನ ನಿಯಮಗಳು

ಮೊದಲಿಗೆ ಪದಗಳ ಪರಿಚಯ ಅಗತ್ಯ. ಕನ್ನಡ ಕಥೋಲಿಕರು ಕ್ರೈಸ್ತ ದೀಕ್ಷೆಯನ್ನು ಜ್ಞಾನಸ್ನಾನ ಅಥವಾ ದೀಕ್ಷಾಸ್ನಾನ ಎನ್ನುತ್ತಾರೆ. ಅದರ ನಂತರ ದೊರೆಯುವ ಇನ್ನೆರಡು ಸಂಸ್ಕಾರಗಳು ಪರಮಪ್ರಸಾದ ಮತ್ತು ದೃಢೀಕರಣ. ದೀಕ್ಷೆಯ ವೇಳೆ ಮಗುವಿನ ಪರವಾಗಿ ನಿಲ್ಲುವವರು ಜ್ಞಾನತಂದೆ, ಜ್ಞಾನತಾಯಿ. ನಮ್ಮ ಪತ್ರಿಕೆಗಳು ರಾಜಕಾರಣಿಗಳ ಬೆನ್ನ ಹಿಂದಿನ ಬಲಶಾಲಿಗಳನ್ನು ‘ಗಾಡ್‌ಫಾದರ್’ ಎಂದು ಬರೆಯುತ್ತವಲ್ಲ, ಆ ಪದದ ಮೂಲ ಅರ್ಥ ಇದೇ. ಕುರ್ಚಿ ಕೊಡಿಸುವವನಿಗೂ ಈ ಜ್ಞಾನತಂದೆಗೂ ಇರುವ ದೂರ ಮುಂದೆ ಓದುಗರಿಗೇ ತಿಳಿಯುತ್ತದೆ.

ಲ್ಯಾಟಿನ್ ಪದ್ಧತಿಯ ಕಥೋಲಿಕರಿಗೆ ಅನ್ವಯಿಸುವ ಇಂದಿನ ಧರ್ಮಸಭಾ ಸಂಹಿತೆ 1983ರ ಜನವರಿ 25ರಂದು ಪ್ರಕಟವಾಗಿ ಅದೇ ವರ್ಷದ ನವೆಂಬರ್ 27ರಂದು ಜಾರಿಗೆ ಬಂದಿತು. ಅದರ 872ರಿಂದ 874ರವರೆಗಿನ ವಿಧಿಗಳು ನಮ್ಮ ವಿಷಯವನ್ನು ಕುರಿತವು. ಸಾಧ್ಯವಾದ ಮಟ್ಟಿಗೆ ದೀಕ್ಷೆ ಪಡೆಯುವ ಪ್ರತಿಯೊಬ್ಬರಿಗೂ ಇಂತಹ ಹೊಣೆಗಾರರು ಇರಬೇಕು. ಒಬ್ಬ ಜ್ಞಾನತಂದೆ ಸಾಕು, ಅಥವಾ ಒಬ್ಬ ಜ್ಞಾನತಾಯಿ ಸಾಕು, ಇಲ್ಲವೇ ಇಬ್ಬರೂ ಒಬ್ಬೊಬ್ಬರಂತೆ ಇರಬಹುದು. ಅದಕ್ಕಿಂತ ಹೆಚ್ಚಿಗೆ ಅವಕಾಶವಿಲ್ಲ.

ಹಾಗೆ ನಿಲ್ಲುವವರ ಅರ್ಹತೆಗಳು ಇವು. ಒಂದು, ಅವರನ್ನು ದೀಕ್ಷೆ ಪಡೆಯುವ ವ್ಯಕ್ತಿಯೇ, ಮಗುವಾದರೆ ಅದರ ತಂದೆತಾಯಿ ಅಥವಾ ಪಾಲಕರು, ಅವರೂ ಇಲ್ಲದಿದ್ದರೆ ಗುರುಗಳು ಆರಿಸಿರಬೇಕು. ಆ ಕೆಲಸಕ್ಕೆ ತಕ್ಕ ಯೋಗ್ಯತೆಯೂ ಅದನ್ನು ಮಾಡುವ ಮನಸ್ಸೂ ಅವರಿಗಿರಬೇಕು. ಎರಡು, 16 ವರ್ಷ ತುಂಬಿರಬೇಕು. ಧರ್ಮಾಧ್ಯಕ್ಷರು ತಮ್ಮ ಪ್ರಾಂತ್ಯಕ್ಕೆ ಬೇರೆ ವಯಸ್ಸನ್ನು ಗೊತ್ತುಪಡಿಸಬಹುದು, ನ್ಯಾಯವಾದ ಕಾರಣವಿದ್ದರೆ ವಿನಾಯಿತಿಯೂ ಉಂಟು. ಮೂರು, ಕಥೋಲಿಕರಾಗಿದ್ದು, ದೃಢೀಕರಣವನ್ನೂ ಪರಮಪ್ರಸಾದವನ್ನೂ ಸ್ವೀಕರಿಸಿದವರಾಗಿರಬೇಕು ಮತ್ತು ತಾವು ಹೊರುವ ಹೊಣೆಗೆ ಒಪ್ಪುವಂತಹ ವಿಶ್ವಾಸದ ಬಾಳನ್ನು ನಡೆಸುತ್ತಿರಬೇಕು. ನಾಲ್ಕು, ಧರ್ಮಸಭೆಯ ಯಾವ ದಂಡನೆಗೂ ಒಳಗಾಗಿರಬಾರದು. ಐದು, ಮಗುವಿನ ಸ್ವಂತ ತಂದೆ ಅಥವಾ ತಾಯಿ ಆಗಿರಬಾರದು.

ಬೇರೆ ಕ್ರೈಸ್ತ ಪಂಥದವರಿಗೆ ಏನು ಸ್ಥಾನ ಎಂಬುದಕ್ಕೂ ಉತ್ತರವಿದೆ. ಉದಾಹರಣೆಗೆ ಸಿ.ಎಸ್.ಐ. ಸಭೆಯ ಒಬ್ಬ ಗೆಳೆಯ ನಿಲ್ಲಬೇಕೆಂದರೆ, ಕಥೋಲಿಕ ಜ್ಞಾನತಂದೆ ಅಥವಾ ಜ್ಞಾನತಾಯಿಯ ಜೊತೆಯಲ್ಲಿ, ಸಾಕ್ಷಿಯಾಗಿ ಮಾತ್ರ ನಿಲ್ಲಬಹುದು. ಆರ್ಥಡಾಕ್ಸ್ ಸಭೆಯವರ ವಿಷಯದಲ್ಲಿ 1993ರ ಕ್ರೈಸ್ತ ಐಕ್ಯ ಕುರಿತ ನಿರ್ದೇಶನವು ಒಂದು ಹೆಜ್ಜೆ ಮುಂದೆ ಹೋಗಿ, ಕಥೋಲಿಕ ಹೊಣೆಗಾರರ ಜೊತೆಗೆ ಅವರೂ ಜ್ಞಾನತಂದೆ-ತಾಯಿ ಆಗಬಹುದು ಎನ್ನುತ್ತದೆ. ನನ್ನಂತೆ ದೀಕ್ಷೆಯನ್ನೇ ಪಡೆಯದವನಿಗೆ ಈ ಎರಡು ಸ್ಥಾನಗಳಲ್ಲಿ ಯಾವುದೂ ಇಲ್ಲ.

ತಂದೆತಾಯಿ ತೀರಿಕೊಂಡರೆ ಜ್ಞಾನತಂದೆಯೇ ಮಗುವಿನ ಪಾಲಕನಾಗುತ್ತಾನೆ ಎಂಬ ತಿಳಿವಳಿಕೆ ಹಲವರಲ್ಲಿದೆ. ಅದು ಸರಿಯಲ್ಲ. ಧರ್ಮಸಭೆಯ ಸಂಹಿತೆ ಅಂತಹ ಹಕ್ಕನ್ನು ಕೊಟ್ಟಿಲ್ಲ. ನಮ್ಮ ದೇಶದಲ್ಲಿ ನ್ಯಾಯಾಲಯವು ಪಾಲಕರನ್ನು ನೇಮಿಸುವುದು 1890ರ ಪಾಲಕರು ಮತ್ತು ಪಾಲ್ಯರ ಕಾಯಿದೆಯಂತೆ. ಜ್ಞಾನತಂದೆಯ ಹೊಣೆ ಆಸ್ತಿಗಾಗಲಿ ಅನ್ನಕ್ಕಾಗಲಿ ಸಂಬಂಧಿಸಿದ್ದಲ್ಲ, ಮಗುವಿನ ವಿಶ್ವಾಸದ ಬದುಕಿಗೆ ಸಂಬಂಧಿಸಿದ್ದು.

ಜಾಮೀನಿನಿಂದ ಆರಂಭ

ಈ ಸ್ಥಾನಕ್ಕೆ ಲ್ಯಾಟಿನ್ ಭಾಷೆಯಲ್ಲಿ ಬಳಕೆಯಾದ ಹಳೆಯ ಪದ ‘ಸ್ಪಾನ್ಸರ್’. ಇಂದು ಕ್ರಿಕೆಟ್ ಪಂದ್ಯಕ್ಕೆ ಹಣ ಹಾಕುವ ಕಂಪನಿಯನ್ನು ನಾವು ಹಾಗೆ ಕರೆಯುತ್ತೇವೆ. ಆದರೆ ರೋಮನ್ನರ ಕಾನೂನಿನಲ್ಲಿ ಅದರ ಅರ್ಥ ಜಾಮೀನುದಾರ. ಇನ್ನೊಬ್ಬನ ಸಾಲಕ್ಕೆ ‘ನಾನಿದ್ದೇನೆ’ ಎಂದು ಮಾತು ಕೊಟ್ಟವನು. ಸಾಲಗಾರ ತಪ್ಪಿದರೆ ಅವನ ಕೊರಳಿಗೇ ಬರುತ್ತಿತ್ತು. ಸೊಸೈಟಿ ಸಾಲಕ್ಕೆ ಜಾಮೀನು ಹಾಕಿ ಕೈ ಸುಟ್ಟುಕೊಂಡ ನಮ್ಮ ಕಡೆಯ ರೈತರಿಗೆ ಈ ಪದದ ಭಾರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ರಿ.ಶ. 200ರ ಸುಮಾರಿನಲ್ಲಿ ಉತ್ತರ ಆಫ್ರಿಕದ ಕಾರ್ಥೇಜ್ ನಗರದ ತೆರ್ತುಲ್ಲಿಯನ್ ಎಂಬ ಲೇಖಕ ಜ್ಞಾನಸ್ನಾನವನ್ನು ಕುರಿತು ಬರೆದ ಗ್ರಂಥದಲ್ಲಿ ಈ ಜಾಮೀನುದಾರರ ಪ್ರಸ್ತಾಪ ಬರುತ್ತದೆ. ಎಳೆಯ ಮಕ್ಕಳಿಗೆ ದೀಕ್ಷೆ ಕೊಡಲು ಅವಸರವೇಕೆ ಎಂಬುದು ಅವನ ವಾದ. ಅದಕ್ಕೆ ಅವನು ಕೊಡುವ ಕಾರಣಗಳಲ್ಲಿ ಒಂದು ಗಮನಾರ್ಹ: ಮಗುವಿನ ಪರವಾಗಿ ಮಾತು ಕೊಟ್ಟವರನ್ನು ಅಪಾಯಕ್ಕೆ ಏಕೆ ನೂಕಬೇಕು? ಅವರು ಮಾತು ಪೂರೈಸುವ ಮೊದಲೇ ಸಾಯಬಹುದು, ಅಥವಾ ಮಗು ದೊಡ್ಡದಾಗಿ ಕೆಟ್ಟ ದಾರಿ ಹಿಡಿಯಬಹುದು. ಎಂದರೆ, ಜ್ಞಾನತಂದೆಯ ಬಗ್ಗೆ ದೊರೆಯುವ ಅತ್ಯಂತ ಹಳೆಯ ಉಲ್ಲೇಖಗಳಲ್ಲೊಂದು ಅವನಿಗೆ ಸಲ್ಲುವ ಗೌರವವನ್ನು ಕುರಿತದ್ದಲ್ಲ, ಅವನ ಮೇಲೆ ಬೀಳುವ ಅಪಾಯವನ್ನು ಕುರಿತದ್ದು.

ಆ ಶತಮಾನಗಳಲ್ಲಿ ದೀಕ್ಷೆಗೆ ಬರುತ್ತಿದ್ದವರಲ್ಲಿ ವಯಸ್ಕರೇ ಬಹಳ. ಅರಸರ ಕಿರುಕುಳವಿದ್ದ ಕಾಲವದು. ಹೊಸಬನೊಬ್ಬ ನಿಜವಾದ ಶ್ರದ್ಧೆಯಿಂದ ಬಂದಿದ್ದಾನೆಯೇ ಎಂದು ತಿಳಿಯಲು ಅವನನ್ನು ಬಲ್ಲ ಸಭಿಕನೊಬ್ಬನ ಸಾಕ್ಷ್ಯ ಬೇಕಿತ್ತು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಜೆರೂಸಲೇಮಿಗೆ ಯಾತ್ರೆ ಹೋದ ಎಜೀರಿಯಾ ಎಂಬ ಮಹಿಳೆ ತನ್ನ ಪ್ರವಾಸ ಕಥನದಲ್ಲಿ ಅಲ್ಲಿನ ಪದ್ಧತಿಯನ್ನು ವಿವರಿಸಿದ್ದಾಳೆ. ಧರ್ಮಾಧ್ಯಕ್ಷರು ಪೀಠದಲ್ಲಿ ಕುಳಿತಿರುತ್ತಾರೆ. ದೀಕ್ಷಾರ್ಥಿಗಳು ಒಬ್ಬೊಬ್ಬರಾಗಿ ತಮ್ಮ ಜ್ಞಾನತಂದೆ ಅಥವಾ ಜ್ಞಾನತಾಯಿಯೊಡನೆ ಬರುತ್ತಾರೆ. ಆಗ ಧರ್ಮಾಧ್ಯಕ್ಷರು ನೆರೆಹೊರೆಯವರನ್ನು ವಿಚಾರಿಸುತ್ತಾರೆ: ಇವನ ನಡತೆ ಒಳ್ಳೆಯದೇ? ತಂದೆತಾಯಿಯನ್ನು ಗೌರವಿಸುತ್ತಾನೆಯೇ? ಕುಡಿತದ ಚಟವಿದೆಯೇ? ದೋಷವಿಲ್ಲದಿದ್ದರೆ ಹೆಸರನ್ನು ಸ್ವಹಸ್ತದಿಂದ ಬರೆದುಕೊಳ್ಳುತ್ತಾರೆ, ಇದ್ದರೆ ತಿದ್ದಿಕೊಂಡು ಬಾ ಎಂದು ಕಳುಹಿಸುತ್ತಾರೆ. ಮೇಷ್ಟ್ರಾದ ನನಗೆ ಇದನ್ನು ಓದಿದಾಗ ಶಾಲೆಗೆ ಹುಡುಗರನ್ನು ಸೇರಿಸಿಕೊಳ್ಳುವ ಜೂನ್ ತಿಂಗಳ ನೆನಪಾಯಿತು.

ತಂದೆತಾಯಿ ಏಕೆ ಆಗಬಾರದು?

ಮಕ್ಕಳ ದೀಕ್ಷೆಯೇ ಸಾಮಾನ್ಯವಾದಾಗ ಮೊದಲಿಗೆ ತಂದೆತಾಯಿಯೇ ಮಗುವನ್ನು ಎತ್ತಿಕೊಂಡು ಬಂದು ಅದರ ಪರವಾಗಿ ಉತ್ತರಿಸುತ್ತಿದ್ದರು. ಕ್ರಿ.ಶ. 408ರ ಸುಮಾರಿಗೆ ಸಂತ ಅಗಸ್ಟೀನ್ ಬೋನಿಫಾಸ್ ಎಂಬ ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ ಇದು ಸ್ಪಷ್ಟವಾಗಿದೆ. ಆದರೆ ತಂದೆತಾಯಿಯೇ ತರಬೇಕೆಂಬ ಕಡ್ಡಾಯವಿಲ್ಲ ಎಂದು ಅವರು ವಿವರಿಸುತ್ತಾರೆ. ಗುಲಾಮರ ಮಕ್ಕಳನ್ನು ಒಡೆಯರು ತರುವುದುಂಟು, ಅನಾಥ ಮಕ್ಕಳನ್ನು ಕರುಣೆಯುಳ್ಳವರು ತರುವುದುಂಟು, ಹೆತ್ತವರು ಬೀದಿಗೆಸೆದ ಕೂಸುಗಳನ್ನು ಕನ್ಯಾವ್ರತ ಹಿಡಿದ ಮಹಿಳೆಯರು ಎತ್ತಿಕೊಂಡು ಬರುವುದುಂಟು. ಹೆರದೆಯೇ ತಾಯಂದಿರಾದ ಆ ಸ್ತ್ರೀಯರನ್ನು ನೆನೆದರೆ ಇಂದಿಗೂ ಕಣ್ಣು ತೇವವಾಗುತ್ತದೆ.

ಮುಂದೆ ಒಂದು ಹೊಸ ವಿಚಾರ ಬಲವಾಯಿತು. ದೀಕ್ಷೆ ಎಂದರೆ ಎರಡನೆಯ ಹುಟ್ಟು. ನಮ್ಮ ಪರಂಪರೆಯ ‘ದ್ವಿಜ’ ಎಂಬ ಪದ ಬಲ್ಲವರಿಗೆ ಈ ಕಲ್ಪನೆ ಹೊಸದೇನಲ್ಲ. ಎರಡನೆಯ ಹುಟ್ಟಿಗೆ ಎರಡನೆಯ ತಂದೆತಾಯಿ ಬೇಕಲ್ಲವೇ? ಹೀಗೆ ಜಾಮೀನುದಾರನು ತಂದೆಯಾದನು, ಆ ಸಂಬಂಧ ರಕ್ತಸಂಬಂಧದಷ್ಟೇ ಪವಿತ್ರವೆನಿಸಿತು. 530ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಜ್ಞಾನತಂದೆಯು ತನ್ನ ಜ್ಞಾನಪುತ್ರಿಯನ್ನು ಮದುವೆಯಾಗಕೂಡದೆಂದು ಕಾನೂನು ಮಾಡಿದನು. 692ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಧರ್ಮಸಮ್ಮೇಳನವು ಜ್ಞಾನತಂದೆಯು ಆ ಮಗುವಿನ ವಿಧವೆ ತಾಯಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಇದರ ತಾರ್ಕಿಕ ಕೊನೆಯನ್ನು ಊಹಿಸಿಕೊಳ್ಳಿ. ತಂದೆಯೇ ತನ್ನ ಮಗುವಿಗೆ ಜ್ಞಾನತಂದೆಯಾದರೆ ಗಂಡಹೆಂಡಿರ ಸಂಬಂಧವೇ ತೊಡಕಿಗೆ ಸಿಕ್ಕಿಕೊಳ್ಳುತ್ತದೆ! 813ರಲ್ಲಿ ಜರ್ಮನಿಯ ಮೈಂಜ್ ನಗರದಲ್ಲಿ ಸೇರಿದ ಸಭೆಯು ತಂದೆತಾಯಿಯು ತಮ್ಮ ಮಗುವಿಗೆ ತಾವೇ ಜ್ಞಾನತಂದೆ-ತಾಯಿ ಆಗಬಾರದೆಂದು ವಿಧಿಸಿತು. ಮೇಲೆ ಹೇಳಿದ ಐದನೆಯ ಅರ್ಹತೆಯ ಹಿಂದೆ ಇಂತಹ ಹನ್ನೆರಡು ಶತಮಾನಗಳ ಚರಿತ್ರೆಯಿದೆ.

ಟ್ರೆಂಟ್ ಸಮ್ಮೇಳನ ಮತ್ತು ದಾಖಲೆ ಪುಸ್ತಕ

ಮಧ್ಯಯುಗದ ಯೂರೋಪಿನಲ್ಲಿ ಈ ಸಂಬಂಧ ಎಲ್ಲೆ ಮೀರಿ ಬೆಳೆಯಿತು. ಒಂದು ಮಗುವಿಗೆ ಹಲವು ಜ್ಞಾನತಂದೆಯರನ್ನು ನಿಲ್ಲಿಸಿ ಶ್ರೀಮಂತರ, ಅಧಿಕಾರಿಗಳ ನಂಟು ಸಂಪಾದಿಸುವ ಚಾಳಿ ಹಬ್ಬಿತು. ಆಗ ಯಾರು ಯಾರಿಗೆ ಜ್ಞಾನಸಂಬಂಧಿ ಎಂಬ ಲೆಕ್ಕವೇ ತಪ್ಪಿ, ತಿಳಿಯದೆ ಆದ ಮದುವೆಗಳು ಆಮೇಲೆ ನಿಷಿದ್ಧವೆಂದು ಬೆಳಕಿಗೆ ಬಂದು ಸಂಸಾರಗಳು ಮುರಿಯತೊಡಗಿದವು.

ಇದಕ್ಕೆ ಕಡಿವಾಣ ಹಾಕಿದ್ದು ಟ್ರೆಂಟ್ ಮಹಾಸಮ್ಮೇಳನ. 1563ರ ನವೆಂಬರ್ 11ರ ಅಧಿವೇಶನದಲ್ಲಿ ಅದು, ಜ್ಞಾನತಂದೆ ಅಥವಾ ಜ್ಞಾನತಾಯಿ ಒಬ್ಬರೇ ಇರಬೇಕು, ಹೆಚ್ಚೆಂದರೆ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು ಎಂದು ನಿರ್ಧರಿಸಿತು. ಜೊತೆಗೆ, ಗುರುಗಳು ದೀಕ್ಷೆಗೆ ಮುನ್ನ ಹೊಣೆಗಾರರು ಯಾರೆಂದು ವಿಚಾರಿಸಿ, ಅವರನ್ನು ಮಾತ್ರ ಒಪ್ಪಿಕೊಂಡು, ಅವರ ಹೆಸರನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಕಟ್ಟಳೆ ಮಾಡಿತು. 1614ರ ರೋಮನ್ ವಿಧಿಗ್ರಂಥವು ಇಂತಹ ದಾಖಲೆಯ ಮಾದರಿಯನ್ನೂ ಕೊಟ್ಟಿತು. ಕಥೋಲಿಕ ಚರ್ಚುಗಳ ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಮಗುವಿನ ಹೆಸರು, ತಂದೆತಾಯಿಯ ಹೆಸರು, ದಿನಾಂಕ, ಸ್ಥಳ, ದೀಕ್ಷೆ ಕೊಟ್ಟವರ ಹೆಸರುಗಳ ಸಾಲಿನಲ್ಲಿಯೇ ಜ್ಞಾನತಂದೆ-ತಾಯಿಯರ ಹೆಸರೂ ಇಂದಿಗೂ ಇರುತ್ತದೆ. ಸರ್ಕಾರದ ಜನನ ನೋಂದಣಿ ಬರುವುದಕ್ಕೆ ಬಹಳ ಹಿಂದಿನ ಕಾಲದ ಬಡವರ, ಕೂಲಿಗಳ ಹೆಸರುಗಳು ಇತಿಹಾಸಕಾರನಿಗೆ ಸಿಗುವುದು ಇಂತಹ ಪುಸ್ತಕಗಳಲ್ಲಿ. ಶಾಲೆಯ ದಾಖಲಾತಿ ಪುಸ್ತಕವನ್ನು ಮೂರು ದಶಕ ಬರೆದವನಾದ ನನಗೆ ಈ ಕಟ್ಟಳೆಯ ಬೆಲೆ ಚೆನ್ನಾಗಿ ಗೊತ್ತು. ಪುಸ್ತಕದಲ್ಲಿ ಹೆಸರು ಬಂದವನು ‘ನನಗೆ ನೆನಪಿಲ್ಲ’ ಎಂದು ನುಣುಚಿಕೊಳ್ಳಲಾರ.

ಗುರುಗಳ ಒಗಟು ಬಿಡಿಸಿದ್ದು

ಈಗ ನನ್ನನ್ನು ಕಾಡಿದ ಒಗಟಿಗೆ ಬರೋಣ. ದೀಕ್ಷೆ ಪಡೆಯದವನು ಕೊಟ್ಟ ಜ್ಞಾನಸ್ನಾನ ಸಿಂಧುವೇ? 866ರಲ್ಲಿ ಬಲ್ಗೇರಿಯದವರು ಪೋಪ್ ಒಂದನೆಯ ನಿಕೋಲಸ್ ಅವರಿಗೆ ಇಂತಹುದೇ ಪ್ರಶ್ನೆ ಕಳುಹಿಸಿದ್ದರು. ಯೆಹೂದಿಯೊಬ್ಬ ತಮ್ಮ ನಾಡಿನ ಅನೇಕರಿಗೆ ದೀಕ್ಷೆ ಕೊಟ್ಟಿದ್ದಾನೆ, ಅವರನ್ನು ಏನು ಮಾಡಬೇಕು ಎಂದು. ತ್ರಿತ್ವದ ಹೆಸರಿನಲ್ಲಿ ಕೊಟ್ಟಿದ್ದರೆ ಮತ್ತೆ ಕೊಡಬೇಕಾಗಿಲ್ಲ ಎಂಬುದು ಪೋಪರ ಉತ್ತರದ ಸಾರ. 1439ರಲ್ಲಿ ಫ್ಲಾರೆನ್ಸ್ ಸಮ್ಮೇಳನವು ಅಗತ್ಯ ಬಿದ್ದಾಗ ಗಂಡಸಾಗಲಿ ಹೆಂಗಸಾಗಲಿ, ಕ್ರೈಸ್ತನಲ್ಲದವನೇ ಆಗಲಿ, ಧರ್ಮಸಭೆಯ ಕ್ರಮದಂತೆ, ಅದರ ಉದ್ದೇಶವನ್ನೇ ಮನಸ್ಸಿನಲ್ಲಿಟ್ಟುಕೊಂಡು ದೀಕ್ಷೆ ಕೊಡಬಹುದು ಎಂದು ಹೇಳಿತು. ಇಂದಿನ ಸಂಹಿತೆಯ 861ನೆಯ ವಿಧಿಯೂ ಅದನ್ನೇ ಹೇಳುತ್ತದೆ. ಸೂಲಗಿತ್ತಿಯಾಗಲಿ ಆಸ್ಪತ್ರೆಯ ನರ್ಸ್ ಆಗಲಿ, ಅವರು ಯಾವ ಮತದವರೇ ಆಗಿರಲಿ, ಸಾಯುತ್ತಿರುವ ಕೂಸಿನ ತಲೆಗೆ ನೀರೆರೆದು ಆ ಮಾತುಗಳನ್ನು ಸರಿಯಾದ ಉದ್ದೇಶದಿಂದ ಹೇಳಿದರೆ ಸಾಕು.

ಕಾರಣವೇನೆಂದರೆ, ದೀಕ್ಷೆಯಲ್ಲಿ ಕೊಡುವವನು ದೇವರೇ ಎಂಬುದು ಕಥೋಲಿಕರ ನಂಬಿಕೆ. ನೀರೆರೆಯುವ ಕೈ ನಿಮಿತ್ತ ಮಾತ್ರ. ಒಂದು ಗಳಿಗೆಯ ಕೆಲಸಕ್ಕೆ ಒಂದು ಗಳಿಗೆಯ ಸದುದ್ದೇಶ ಸಾಕು. ಆದರೆ ಜ್ಞಾನತಂದೆಯ ಕೆಲಸ ಆರಂಭವಾಗುವುದೇ ಆ ಗಳಿಗೆ ಮುಗಿದ ಮೇಲೆ. ಮಗು ಬೆಳೆಯುತ್ತ ಪ್ರಾರ್ಥನೆ ಕಲಿಯಬೇಕು, ಪರಮಪ್ರಸಾದಕ್ಕೆ ಸಿದ್ಧವಾಗಬೇಕು, ಸಂದೇಹ ಬಂದಾಗ ಕೇಳಬೇಕು, ದಾರಿ ತಪ್ಪಿದಾಗ ಹಿಂದಿರುಗಬೇಕು. ಇವೆಲ್ಲಕ್ಕೂ ಜೊತೆಗಿರುತ್ತೇನೆ ಎಂದು ಅವನು ಮಾತು ಕೊಡುತ್ತಾನೆ. ತಾನು ನಡೆಯದ ದಾರಿಯಲ್ಲಿ ಇನ್ನೊಬ್ಬರನ್ನು ಕೈಹಿಡಿದು ನಡೆಸುತ್ತೇನೆಂದು ಯಾರೂ ಪ್ರಾಮಾಣಿಕವಾಗಿ ಮಾತು ಕೊಡಲಾರರು. ನನಗೆ ಆ ಮಗುವಿನ ಮೇಲೆ ಅಕ್ಕರೆಯಿತ್ತು, ಅದರಲ್ಲಿ ಸಂಶಯವಿಲ್ಲ. ಆದರೆ ಅಂದು ಕೇಳಲಾಗುತ್ತಿದ್ದುದು ಅಕ್ಕರೆಯನ್ನಲ್ಲ. ಹಿಂದಿ ಪಂಡಿತರು ಎಷ್ಟೇ ಪ್ರೀತಿಯುಳ್ಳವರಾದರೂ ಹತ್ತನೆಯ ತರಗತಿಯ ಗಣಿತದ ಹೊಣೆಯನ್ನು ಅವರಿಗೆ ಒಪ್ಪಿಸುತ್ತೇವೆಯೇ?

ನಮ್ಮ ನಾಡಿನಲ್ಲಿ

ಮೈಸೂರು ಸೀಮೆಯಲ್ಲಿ ಜೆಸ್ವಿತ್ ಗುರುಗಳ ಕೆಲಸ ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಲಿಯೊನಾರ್ದೊ ಚಿನ್ನಮಿ ಅವರಿಂದ ಶ್ರೀರಂಗಪಟ್ಟಣದಲ್ಲಿ ಆರಂಭವಾಯಿತು. 1773ರಲ್ಲಿ ಪೋಪರು ಜೆಸ್ವಿತ್ ಸಂಸ್ಥೆಯನ್ನೇ ವಿಸರ್ಜಿಸಿದಾಗ ಇಲ್ಲಿಯೂ ಗುರುಗಳ ಅಭಾವ ಉಂಟಾಯಿತು. 1784ರಲ್ಲಿ ಟಿಪ್ಪುವಿನ ಸೆರೆಗೆ ಸಿಕ್ಕಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟ ಕರಾವಳಿಯ ಕ್ರೈಸ್ತರು 1799ರವರೆಗೆ ಅಲ್ಲಿ ಕಳೆದರು. ಆ ಬಳಿಕ ಬಂದ ಫ್ರೆಂಚ್ ಗುರು ಅಬ್ಬೆ ದುಬೊಯಿ, ಜನರ ಬಾಯಲ್ಲಿ ‘ದೊಡ್ಡಸ್ವಾಮಿ’, 1823ರಲ್ಲಿ ತಾಯ್ನಾಡಿಗೆ ಮರಳುವವರೆಗೆ ಈ ಸೀಮೆಯ ಚದುರಿದ ಕ್ರೈಸ್ತರ ನಡುವೆ ದುಡಿದರು. ಗುರುಗಳು ಅಪರೂಪವಾಗಿದ್ದ ಇಂತಹ ಕಾಲದಲ್ಲಿ ಒಂದು ಸಮುದಾಯದ ವಿಶ್ವಾಸ ಉಳಿಯುವುದು ಮನೆಯ ಹಿರಿಯರಿಂದ ಮತ್ತು ಮಾತು ಕೊಟ್ಟ ಜ್ಞಾನತಂದೆ-ತಾಯಿಯರಿಂದಲೇ. ಅರ್ಹತೆಯ ನಿಯಮಗಳು ಕಾಗದದ ಮೇಲಿನ ಬಿಗಿ ಮಾತ್ರವಲ್ಲ ಎಂಬುದು ಇಂತಹ ಕಾಲದಲ್ಲಿ ಅರ್ಥವಾಗುತ್ತದೆ.

ನಮ್ಮ ಜಿಲ್ಲೆಯ ಕಥೋಲಿಕರು ಇಂದು 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ್ದಾರೆ. ಇದು ಲ್ಯಾಟಿನ್ ಪದ್ಧತಿಯದು. ಕೇರಳದಿಂದ ಮಲೆನಾಡಿಗೆ ಬಂದು ನೆಲೆಸಿದ ಸಿರೋ-ಮಲಬಾರ್ ಪದ್ಧತಿಯವರಿಗಾಗಿ 2007ರಲ್ಲಿ ಭದ್ರಾವತಿ ಧರ್ಮಪ್ರಾಂತ್ಯ ಬಂದಿತು. ಇಬ್ಬರೂ ಕಥೋಲಿಕರೇ, ಆದರೆ ಪೂರ್ವದ ಸಭೆಗಳಿಗೆ 1990ರಲ್ಲಿ ಪ್ರಕಟವಾದ ಬೇರೆ ಸಂಹಿತೆಯಿದೆ. ಅದರ 811ನೆಯ ವಿಧಿಯಂತೆ ಜ್ಞಾನತಂದೆಗೂ ದೀಕ್ಷೆ ಪಡೆದವರಿಗೂ, ಹಾಗೆಯೇ ದೀಕ್ಷೆ ಪಡೆದವರ ತಂದೆತಾಯಿಗೂ ನಡುವೆ ವಿನಾಯಿತಿ ಪಡೆಯದ ಹೊರತು ಮದುವೆ ಸಲ್ಲದು. ಲ್ಯಾಟಿನ್ ಪದ್ಧತಿಯ 1917ರ ಸಂಹಿತೆಯಲ್ಲಿ ಈ ನಿಷೇಧ ಇನ್ನೂ ಕಿರಿದಾದ ರೂಪದಲ್ಲಿ ಉಳಿದಿತ್ತು, 1983ರದರಲ್ಲಿ ಪೂರ್ತಿ ಬಿಟ್ಟುಹೋಯಿತು. ಹೀಗೆ ಜಸ್ಟಿನಿಯನ್ ಚಕ್ರವರ್ತಿಯ ಕಾಲದ ಕಾನೂನೊಂದು ಶಿವಮೊಗ್ಗದ ಒಂದು ಚರ್ಚಿನಲ್ಲಿ ಜೀವಂತವಾಗಿದ್ದು ಪಕ್ಕದ ಇನ್ನೊಂದು ಚರ್ಚಿನಲ್ಲಿ ಇಲ್ಲವಾಗಿದೆ!

1917ರ ಮತ್ತು 1983ರ ಸಂಹಿತೆಗಳನ್ನು ಹೋಲಿಸಿದರೆ ಇನ್ನೂ ಕೆಲವು ಬದಲಾವಣೆ ಕಾಣುತ್ತವೆ. ಹಿಂದೆ ಹದಿನಾಲ್ಕನೆಯ ವರ್ಷಕ್ಕೆ ಕಾಲಿಟ್ಟವರು ಸಾಕಿತ್ತು, ಈಗ 16 ತುಂಬಬೇಕು. ಹಿಂದೆ ದೀಕ್ಷೆಯ ವೇಳೆ ಜ್ಞಾನತಂದೆ ಮಗುವನ್ನು ಸ್ವತಃ ಅಥವಾ ಪ್ರತಿನಿಧಿಯ ಮೂಲಕ ಎತ್ತಿಕೊಂಡಿರಬೇಕು ಇಲ್ಲವೇ ಮುಟ್ಟಿರಬೇಕು ಎಂಬ ನಿಯಮವಿತ್ತು. ಜವಳದ ದಿನ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸುವ ನಮ್ಮ ಪದ್ಧತಿ ನೆನಪಾಗದಿರದು. ಎರಡನೆಯ ವ್ಯಾಟಿಕನ್ ಸಮ್ಮೇಳನದ 1963ರ ಸೂಚನೆಯಂತೆ 1969ರಲ್ಲಿ ಬಂದ ಮಕ್ಕಳ ದೀಕ್ಷೆಯ ಹೊಸ ವಿಧಿಯು ಹೆತ್ತವರಿಗೆ ಮೊದಲ ಸ್ಥಾನವನ್ನು ಮರಳಿಸಿತು. ಅಲ್ಲಿಯವರೆಗೆ ಮಗುವಿನ ಬಾಯಾಗಿ ಉತ್ತರಿಸುತ್ತಿದ್ದವರು ಜ್ಞಾನತಂದೆ-ತಾಯಿ. ಈಗ ಗುರುಗಳು ಮೊದಲು ಹೆತ್ತವರನ್ನು ಕೇಳಿ, ಆಮೇಲೆ ಇವರತ್ತ ತಿರುಗಿ, ಹೆತ್ತವರಿಗೆ ನೆರವಾಗಲು ಸಿದ್ಧರೇ ಎಂದು ಕೇಳುತ್ತಾರೆ.

ನಿಯಮ ಎಷ್ಟೇ ಇದ್ದರೂ ಅದು ಬರಿಯ ಶಿಷ್ಟಾಚಾರವಾಗುವ ಅಪಾಯ ಎಲ್ಲೆಡೆಯೂ ಇದೆ. ಇಟಲಿಯ ಸಿಸಿಲಿ ದ್ವೀಪದ ಕತಾನಿಯ ಮಹಾಧರ್ಮಪ್ರಾಂತ್ಯವು 2021ರ ಅಕ್ಟೋಬರ್‌ನಲ್ಲಿ ಒಂದು ಕಠಿಣ ಪ್ರಯೋಗ ಮಾಡಿತು. ಜ್ಞಾನತಂದೆಯ ಸ್ಥಾನ ವಿಶ್ವಾಸವಿಲ್ಲದ ಸಾಮಾಜಿಕ ಆಡಂಬರವಾಗಿದೆ ಎಂಬ ಕಾರಣಕ್ಕೆ ಮೂರು ವರ್ಷಗಳ ಮಟ್ಟಿಗೆ ದೀಕ್ಷೆಗೂ ದೃಢೀಕರಣಕ್ಕೂ ಜ್ಞಾನತಂದೆ-ತಾಯಿಯರೇ ಬೇಡ ಎಂದು ನಿರ್ಧರಿಸಿತು. ಮಾತು ಕೊಟ್ಟು ಮರೆಯುವ ಹತ್ತು ಜನರಿಗಿಂತ ಯಾರೂ ಇಲ್ಲದಿರುವುದೇ ಮೇಲು ಎಂದು ಅವರಿಗೆ ಅನ್ನಿಸಿರಬೇಕು.

ಎರಡು ಬಾಗಿಲುಗಳು

ಹರಿಹರ ಎಂಬ ಊರಿನ ಹೆಸರಿನಲ್ಲಿಯೇ ಇಬ್ಬರು ದೇವರು ಒಂದಾಗಿದ್ದಾರೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಅಲ್ಲಿದೆ. ಅದೇ ಊರಿನ ಆರೋಗ್ಯಮಾತೆಯ ಚರ್ಚಿಗೆ 2019ರಲ್ಲಿ ಬೆಸಿಲಿಕಾ ಎಂಬ ಗೌರವ ದೊರೆಯಿತು. ಸೆಪ್ಟೆಂಬರ್ 8ರ ಹಬ್ಬಕ್ಕೆ ಸೇರುವ ಜನರಲ್ಲಿ ಕ್ರೈಸ್ತರಲ್ಲದವರೂ ಬಹಳ. ಮೇಣದಬತ್ತಿ ಹಿಡಿದು ಬಂದವನನ್ನು ‘ನಿನಗೆ ದೃಢೀಕರಣ ಆಗಿದೆಯೇ’ ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಉಕ್ಕಡಗಾತ್ರಿಯಲ್ಲಿ ನನ್ನ ಕ್ರೈಸ್ತ ಮಿತ್ರರನ್ನು ಯಾರೂ ಏನೂ ಕೇಳದಿದ್ದಂತೆಯೇ. ಭಕ್ತಿಗೆ ಅರ್ಹತೆಯ ಪಟ್ಟಿ ಬೇಕಾಗಿಲ್ಲ. ಆದರೆ ಇನ್ನೊಬ್ಬರ ಬದುಕಿಗೆ ಹೊಣೆಯಾಗುವುದಕ್ಕೆ ಬೇಕು. ಈ ಎರಡನ್ನೂ ನಾನು ಅಂದು ಒಂದೇ ಎಂದು ತಿಳಿದಿದ್ದೆ. ನನ್ನ ನೋವಿನ ಮೂಲ ಇದ್ದುದು ಅಲ್ಲಿ.

ಆ ಹುಡುಗನ ಕಥೆ ಹೇಳಿ ಮುಗಿಸುತ್ತೇನೆ. ಅವನು ಹತ್ತು ವರ್ಷದವನಿದ್ದಾಗ ಗಣಿತದ ಮೇಷ್ಟ್ರು ಹೃದಯಾಘಾತದಿಂದ ತೀರಿಕೊಂಡರು. ಕೆಲವು ವರ್ಷಗಳಲ್ಲಿ ಸೋದರಮಾವನ ಕಾರ್ಖಾನೆಯ ಕೆಲಸವೂ ಹೋಯಿತು. ಅವನು ಸಣ್ಣಪುಟ್ಟ ರಿಪೇರಿ ಕೆಲಸ ಹಿಡಿದು ದಿನ ದೂಡುತ್ತಿದ್ದ. ಆದರೆ ಭಾನುವಾರ ಬೆಳಿಗ್ಗೆ ಸೈಕಲ್ಲಿನ ಹಿಂದೆ ಅಳಿಯನನ್ನು ಕೂರಿಸಿಕೊಂಡು ಬಲಿಪೂಜೆಗೆ ಕರೆದೊಯ್ಯುವುದನ್ನು ಮಾತ್ರ ಒಂದು ವಾರವೂ ತಪ್ಪಿಸಲಿಲ್ಲ ಎಂದು ಹುಡುಗನ ತಾಯಿ ಹೇಳುತ್ತಿದ್ದರು. ದೀಕ್ಷೆಯ ದಿನ ಕೊಟ್ಟ ಮೇಣದಬತ್ತಿಯನ್ನು ಜೋಪಾನವಾಗಿಟ್ಟು ಪ್ರತಿವರ್ಷ ಆ ದಿನ ಹಚ್ಚುತ್ತಿದ್ದನಂತೆ. ಅದು ಕರಗಿ ಬೆರಳಿನಷ್ಟೇ ಉಳಿದಿತ್ತಂತೆ.

2001ರಲ್ಲಿ ಹುಡುಗನ ದೃಢೀಕರಣಕ್ಕೆ ನನ್ನನ್ನು ಕರೆದಿದ್ದರು. ಜ್ಞಾನಸ್ನಾನಕ್ಕೆ ನಿಂತವರೇ ದೃಢೀಕರಣಕ್ಕೂ ನಿಲ್ಲುವುದು ಒಳ್ಳೆಯದು ಎನ್ನುತ್ತದೆ ಸಂಹಿತೆಯ 893ನೆಯ ವಿಧಿ. ಹದಿನೈದು ವರ್ಷದ ಹುಡುಗ ಧರ್ಮಾಧ್ಯಕ್ಷರ ಮುಂದೆ ನಿಂತಾಗ ಅವನ ಬಲಭುಜದ ಮೇಲೆ ಗ್ರೀಸಿನ ಕಲೆ ಹೋಗದ ಒಂದು ಕೈ ಇತ್ತು. ನಾನು ಈ ಬಾರಿಯೂ ಹಿಂದಿನ ಬೆಂಚಿನಲ್ಲೇ ಇದ್ದೆ. ಆ ಹದಿನೈದು ವರ್ಷಗಳಲ್ಲಿ ಅವನು ಮಾಡಿದ್ದನ್ನು ನಾನು ಮಾಡಲು ಸಾಧ್ಯವಿತ್ತೇ ಎಂದು ನನ್ನನ್ನೇ ಕೇಳಿಕೊಂಡೆ. ಗಣಿತ, ವಿಜ್ಞಾನ ಹೇಳಿಕೊಡುತ್ತಿದ್ದೆ, ಶುಲ್ಕವನ್ನೂ ಕಟ್ಟುತ್ತಿದ್ದೆ. ಅವೆರಡನ್ನೂ ಜ್ಞಾನತಂದೆಯಾಗದೆಯೇ ಮಾಡಿದ್ದೆ. ಆದರೆ ಭಾನುವಾರದ ಆ ಸೈಕಲ್ ಸವಾರಿ ನನ್ನಿಂದ ಆಗುತ್ತಿರಲಿಲ್ಲ.

ಊಟದ ವೇಳೆ ಹುಡುಗ ನನ್ನ ಎಲೆಯ ಮುಂದೆ ಬಂದು, “ಸಾರ್, ಅಮ್ಮ ಹೇಳ್ತಾಳೆ, ಮೊದ್ಲು ನಿಮ್ಮನ್ನೇ ಕೇಳಿದ್ರಂತಲ್ಲ?” ಎಂದ. “ಹೌದಪ್ಪಾ, ಕೇಳಿದ್ರು. ಆದ್ರೆ ಸರಿಯಾದವ್ರು ಸಿಕ್ಕಿದ್ರು” ಎಂದೆ. ಆ ಮಾತು ನನ್ನ ಬಾಯಿಂದ ಸಲೀಸಾಗಿ ಬಂದದ್ದಕ್ಕೆ ನನಗೇ ಸಮಾಧಾನವಾಯಿತು.

ಮಲೆನಾಡಿನ ಆ ಗುರುಗಳು ಇಂದು ಇಲ್ಲ. ಇದ್ದಿದ್ದರೆ ಒಮ್ಮೆ ಹೋಗಿ, ಅಂದಿನ ಕಾಫಿಗೂ ಅಂದಿನ ‘ಇಲ್ಲ’ ಎಂಬ ಮಾತಿಗೂ ಸೇರಿಸಿ ನಮಸ್ಕಾರ ಹೇಳಿ ಬರುತ್ತಿದ್ದೆ.